ಒಂದರಿಂದ ಆರಕ್ಕೆ, ಆರರಿಂದ ಒಂದಕ್ಕೆ

12345654321.

ಈ ಸಂಖ್ಯೆಯನ್ನು ಎಡದಿಂದ ಓದಿ, ಬಲದಿಂದ ಓದಿ, ಎರಡೂ ಒಂದೇ. ಒಂದರಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಆರರವರೆಗೆ ಹತ್ತಿ, ಅದೇ ಮೆಟ್ಟಿಲುಗಳಲ್ಲಿ ಮತ್ತೆ ಒಂದಕ್ಕೆ ಇಳಿಯುತ್ತದೆ. ನಮ್ಮ ರೂಢಿಯಲ್ಲಿ ಹೇಳುವುದಾದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಇದು ಎಷ್ಟು ದೊಡ್ಡದು? ಸೆಕೆಂಡಿಗೆ ಒಂದರಂತೆ ಊಟ ನಿದ್ರೆ ಬಿಟ್ಟು ಎಣಿಸುತ್ತಾ ಕುಳಿತರೆ ಮುಗಿಸಲು ಸುಮಾರು 391 ವರ್ಷ ಬೇಕು. ನಮ್ಮ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿರುವ ಭದ್ರಾ ಜಲಾಶಯ ತುಂಬಿದಾಗ ಅದರಲ್ಲಿ ಸುಮಾರು 71.5 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಹಾಗಾಗಿ ನಮ್ಮ ಸಂಖ್ಯೆಯಷ್ಟು ಘನ ಅಡಿ ನೀರು ಎಂದರೆ ತುಂಬಿದ ಭದ್ರೆಯ ಆರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು.

ಇದು ಇತ್ತೀಚಿನ ಯಾವುದೋ ಒಗಟಿನ ಪುಸ್ತಕದಿಂದ ಆರಿಸಿದ ಸಂಖ್ಯೆ ಎಂದು ಭಾವಿಸಬೇಡಿ. ಸಾವಿರದ ನೂರು ವರ್ಷಗಳಿಗೂ ಹಿಂದೆ ಕನ್ನಡ ನಾಡಿನ ಗಣಿತಜ್ಞರೊಬ್ಬರು ಇದನ್ನು ತಮ್ಮ ಗ್ರಂಥದಲ್ಲಿ ಒಂದು ಗುಣಾಕಾರದ ಲೆಕ್ಕವಾಗಿ ಕೊಟ್ಟಿದ್ದಾರೆ. ಇದೇ ಬಳಗದ ಇನ್ನೊಂದು ಸಂಖ್ಯೆ ನನ್ನನ್ನು ತರಗತಿಯ ಮುಂದೆ ತಲೆ ತಗ್ಗಿಸುವಂತೆ ಮಾಡಿದೆ. ಎರಡೂ ಕಥೆಗಳನ್ನು ಹೇಳುತ್ತೇನೆ.

ನೃಪತುಂಗನ ಕಾಲದ ಹಾರ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಕ್ರಿ.ಶ. 814ರಿಂದ 878ರವರೆಗೆ ಮಾನ್ಯಖೇಟದಿಂದ ಆಳಿದವನು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಆ ಮಾನ್ಯಖೇಟ. ಅವನ ಹೆಸರು ಕೇಳಿದೊಡನೆ ನಮಗೆ ‘ಕವಿರಾಜಮಾರ್ಗ’ ನೆನಪಾಗುತ್ತದೆ. ಆದರೆ ಅದೇ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು ಎಂಬುದು ಎಷ್ಟು ಮಕ್ಕಳಿಗೆ ಗೊತ್ತಿದೆ? ಗ್ರಂಥದ ಆರಂಭದಲ್ಲಿ ಅವರು ನೃಪತುಂಗನನ್ನು ಹೊಗಳಿದ್ದಾರೆ.

ನಾವು ಏಕ, ದಶ, ಶತ, ಸಹಸ್ರ ಎಂದು ಸ್ಥಾನಗಳನ್ನು ಹೇಳಿ ಕೋಟಿಗೆ ಬರುವಷ್ಟರಲ್ಲಿ ಸುಸ್ತಾಗುತ್ತೇವೆ. ಮಹಾವೀರಾಚಾರ್ಯರು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟರು. ಕೊನೆಯ ಸ್ಥಾನ ‘ಮಹಾಕ್ಷೋಭ’. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ. ನಮ್ಮ ಸಂಖ್ಯೆಯಲ್ಲಿ ಹನ್ನೊಂದು ಅಂಕಿಗಳಿವೆ. ಅವರ ಪಟ್ಟಿಯಲ್ಲಿ ಹನ್ನೊಂದನೆಯ ಸ್ಥಾನದ ಹೆಸರು ‘ಅರ್ಬುದ’.

ಗುಣಾಕಾರವನ್ನು ಕಲಿಸುವಾಗ ಅವರು ಒಣ ಲೆಕ್ಕಗಳನ್ನು ಕೊಡದೆ, ಉತ್ತರವು ಮುತ್ತಿನ ಸರದಂತೆ ಕಾಣುವ ಲೆಕ್ಕಗಳನ್ನು ಆರಿಸಿಕೊಂಡರು. ಅಂಥವುಗಳನ್ನು ಕೊರಳಿನ ಹಾರಕ್ಕೆ ಹೋಲಿಸಿದರು. ಕೆಲವನ್ನು ನೋಡಿ:

139 × 109 = 15151
152207 × 73 = 11111111
12345679 × 9 = 111111111
142857143 × 7 = 1000000001
27994681 × 441 = 12345654321

ಕೊನೆಯದೇ ನಮ್ಮ ಸಂಖ್ಯೆ. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆ ಎಂಬ ಅರ್ಥದಲ್ಲೇ ಅದನ್ನು ವರ್ಣಿಸಲಾಗಿದೆ. ಲೆಕ್ಕ ಮಾಡುವ ಹುಡುಗನಿಗೆ ಕೊನೆಯಲ್ಲಿ ಒಂದು ಬಹುಮಾನ ಸಿಗಲಿ ಎಂಬ ಮೇಷ್ಟರ ಮನಸ್ಸು ಇಲ್ಲಿ ಕಾಣುತ್ತದೆ. ಜೊತೆಗೆ, ಎಲ್ಲೋ ಒಂದು ಕಡೆ ತಪ್ಪಿದರೆ ಹಾರ ಹರಿಯುತ್ತದೆ. ತಪ್ಪನ್ನು ಹುಡುಗನೇ ಕಂಡುಕೊಳ್ಳುತ್ತಾನೆ.

ಈ ಗ್ರಂಥವನ್ನು ಮದರಾಸಿನ ಪ್ರೊ. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿ, ಅದು 1912ರಲ್ಲಿ ಅಚ್ಚಾಯಿತು. ಡಾ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಹೊಂಬುಜದಿಂದ ಪ್ರಕಟವಾಗಿದೆ.

ಹೊಟ್ಟೆಯೊಳಗೆ ಏನಿದೆ?

ಈಗ ನಮ್ಮ ಸಂಖ್ಯೆಯನ್ನು ಬಿಡಿಸಿ ನೋಡೋಣ. ಇದು 111111ರ ವರ್ಗ. ಅಂದರೆ ಆರು ಒಂದುಗಳ ಸಾಲನ್ನು ಅದರಿಂದಲೇ ಗುಣಿಸಿದರೆ 12345654321 ಬರುತ್ತದೆ.

111111 ಎಂದರೆ 111 × 1001. ಇದರಲ್ಲಿ 111 = 3 × 37, ಮತ್ತು 1001 = 7 × 11 × 13. ಈ ಐದೂ ಅವಿಭಾಜ್ಯ ಸಂಖ್ಯೆಗಳು. ವರ್ಗ ಮಾಡಿದಾಗ ಪ್ರತಿಯೊಂದೂ ಎರಡೆರಡು ಸಲ ಬರುತ್ತದೆ. ಮಹಾವೀರಾಚಾರ್ಯರ 441 ಎಂಬುದು 21ರ ವರ್ಗ. ಅಲ್ಲಿಗೆ 3 ಮತ್ತು 7 ಮುಗಿದವು. ಉಳಿದ 11, 13, 37ರ ಗುಣಲಬ್ಧ 5291. ಅದರ ವರ್ಗವೇ 27994681. ನೋಡಲು ಒರಟಾಗಿದ್ದ ಆ ಸಂಖ್ಯೆಯ ಗುಟ್ಟು ಇಷ್ಟೇ.

ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎಷ್ಟು? ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ನಾವು ತೆಗೆದುಕೊಳ್ಳದೆ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೆ ಎರಡು ಸಲ ತೆಗೆದುಕೊಳ್ಳಬಹುದು. ಒಂದೊಂದಕ್ಕೂ ಮೂರು ದಾರಿ; ಒಟ್ಟು 3 × 3 × 3 × 3 × 3 = 243 ಭಾಜಕಗಳು. ಭಾಜಕಗಳು ಸಾಮಾನ್ಯವಾಗಿ ಜೋಡಿ ಜೋಡಿಯಾಗಿ ಬರುತ್ತವೆ, ಆದ್ದರಿಂದ ಅವುಗಳ ಎಣಿಕೆ ಸಮ ಸಂಖ್ಯೆಯಾಗಬೇಕಲ್ಲವೇ? ಇಲ್ಲಿ 243 ಎಂಬ ಬೆಸ ಸಂಖ್ಯೆ ಬಂದದ್ದು ಹೇಗೆ? 121 ಜೋಡಿಗಳಾದ ಮೇಲೆ 111111 ಒಂದೇ ಉಳಿಯುತ್ತದೆ. ಅದಕ್ಕೆ ಅದೇ ಜೋಡಿ. ಪೂರ್ಣ ವರ್ಗ ಸಂಖ್ಯೆಗಳಿಗೆ ಮಾತ್ರ ಭಾಜಕಗಳ ಎಣಿಕೆ ಬೆಸವಾಗಿರುತ್ತದೆ.

1001ರ ಗುಣದಿಂದ ಒಂದು ಆಟವನ್ನೂ ಆಡಬಹುದು. ಮೂರಂಕಿಯ ಯಾವುದೇ ಸಂಖ್ಯೆಯನ್ನು ಎರಡು ಸಲ ಅಕ್ಕಪಕ್ಕ ಬರೆಯಿರಿ. 528 ಆದರೆ 528528. ಅದನ್ನು 7ರಿಂದ, ಬಂದುದನ್ನು 11ರಿಂದ, ಮತ್ತೆ 13ರಿಂದ ಭಾಗಿಸಿ. ಎಲ್ಲೂ ಶೇಷ ಉಳಿಯದೆ 528 ನಿಮ್ಮ ಕೈಗೆ ವಾಪಸು ಬರುತ್ತದೆ. ಎರಡು ಸಲ ಬರೆಯುವುದೆಂದರೆ 1001ರಿಂದ ಗುಣಿಸುವುದೇ.

ಮೆಟ್ಟಿಲು ಬಂದದ್ದು ಹೇಗೆ?

111111ನ್ನು 111111ರಿಂದ ಗುಣಿಸುವಾಗ ನಾವು ಏನು ಮಾಡುತ್ತೇವೆ? ಆರು ಸಾಲುಗಳಲ್ಲಿ 111111 ಎಂದೇ ಬರೆಯುತ್ತೇವೆ. ಪ್ರತಿ ಸಾಲನ್ನೂ ಒಂದೊಂದು ಸ್ಥಾನ ಎಡಕ್ಕೆ ಸರಿಸುತ್ತೇವೆ. ಆಮೇಲೆ ಕಂಬಸಾಲುಗಳನ್ನು ಕೂಡುತ್ತೇವೆ. ಬಲತುದಿಯ ಕಂಬದಲ್ಲಿ ಒಂದೇ 1, ಅದರ ಪಕ್ಕದ್ದರಲ್ಲಿ ಎರಡು, ಆಮೇಲೆ ಮೂರು. ನಟ್ಟನಡುವೆ ಆರು. ಅಲ್ಲಿಂದ ಮುಂದೆ ಐದು, ನಾಲ್ಕು, ಮೂರು, ಎರಡು, ಒಂದು. ನಮ್ಮ ಸಂಖ್ಯೆಯ ಅಂಕಿಗಳು ಬೇರೇನೂ ಅಲ್ಲ, ಪ್ರತಿ ಕಂಬದಲ್ಲಿ ಎಷ್ಟು ಒಂದುಗಳಿವೆ ಎಂಬ ಎಣಿಕೆ.

ಹೀಗೆ 11ರ ವರ್ಗ 121, 111ರ ವರ್ಗ 12321. ಒಂಬತ್ತು ಒಂದುಗಳ ವರ್ಗ 12345678987654321. ಎಷ್ಟು ಚೆಲುವಾದ ಮಾದರಿ! ಹಾಗಾದರೆ ಹತ್ತು ಒಂದುಗಳ ವರ್ಗ ಎಷ್ಟು? ಮುಂದೆ ಓದುವ ಮೊದಲು ನಿಮ್ಮ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಕೆಂಪು ಶಾಯಿಯ ತಪ್ಪು

ನಾನು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ವಿಜ್ಞಾನ, ಗಣಿತ ಪಾಠ ಮಾಡಿದವನು. ಕೆಲವು ವರ್ಷಗಳ ಹಿಂದೆ, ಅಜ್ಜಂಪುರ ಇನ್ನೂ ತರೀಕೆರೆ ತಾಲ್ಲೂಕಿಗೇ ಸೇರಿದ್ದ ಕಾಲದಲ್ಲಿ, ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ಈ ಮೆಟ್ಟಿಲಿನ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆದೆ. ಮಕ್ಕಳು ಖುಷಿಯಿಂದ ನೋಡುತ್ತಿದ್ದರು. ಆ ಉತ್ಸಾಹದಲ್ಲಿ ನಾನು, “ಹೀಗೇ ಎಷ್ಟು ದೂರ ಬೇಕಾದರೂ ಹೋಗಬಹುದು” ಎಂದು ಹೇಳಿ, ಹತ್ತು ಒಂದುಗಳ ವರ್ಗವನ್ನು ಹೀಗೆ ಬರೆದೆ: 12345678910987654321.

ಕೊನೆಯ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಹತ್ತು ಬಂದ್ರೆ ದಶಕ ಪಕ್ಕದ ಮನೆಗೆ ಹೋಗ್ಬೇಕಲ್ವಾ?” ಎಂದಳು. ಗಂಟೆ ಹೊಡೆಯುವ ಹೊತ್ತು. “ಮಾದರಿ ನೋಡಮ್ಮಾ, ಮಾದರಿ” ಎಂದು ಕೂರಿಸಿದೆ. ಮಾರನೆಯ ದಿನ ಆಕೆ ಪುಸ್ತಕದಲ್ಲಿ ಇಡೀ ಪುಟ ಹತ್ತು ಸಾಲು ಒಂದುಗಳನ್ನು ಬರೆದು, ಕೂಡಿ, 1234567900987654321 ಎಂಬ ಉತ್ತರ ತಂದಿದ್ದಳು. ನಲವತ್ತೈದು ಪುಸ್ತಕಗಳ ರಾಶಿ ಮುಂದಿತ್ತು. ಉತ್ತರ ಹಲಗೆಯ ಮೇಲಿನಂತಿಲ್ಲ ಎಂದು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದುಬಿಟ್ಟೆ.

ಅದೇ ವಾರ ಅವಳ ತಂದೆ ಶಾಲೆಗೆ ಬಂದರು. ಅಜ್ಜಂಪುರದ ಕಡೆಯ ಈರುಳ್ಳಿ ಬೆಳೆಗಾರರು. ಕೈಯಲ್ಲಿ ಅದೇ ಪುಸ್ತಕ. “ಮೇಷ್ಟ್ರೇ, ಮುಂದೆ ಸೈನ್ಸೇ ಓದ್ತೀನಿ ಅಂತ ಹಟ ಹಿಡಿದಾಳೆ. ನೋಡಿ, ನೀವೇ ತಪ್ಪು ಹಾಕಿದೀರಿ. ನಮ್ಮ ವಂಶದಲ್ಲೇ ಯಾರಿಗೂ ಲೆಕ್ಕ ತಲೆಗೆ ಹತ್ತಿಲ್ಲ. ಅದನ್ನ ಬಿಟ್ಟುಬಿಡು ಅಂತ ನೀವೇ ಒಂದು ಮಾತು ಹೇಳಿ” ಎಂದರು. ಮಾತಿನ ನಡುವೆ ಅವರಿಗೆ ಮಂಡಿಯಿಂದ ಫೋನು ಬಂತು. “ಅರವತ್ತೆರಡು ಚೀಲ, ಐವತ್ತೈದು ಕೆ.ಜಿ. ಲೆಕ್ಕ. ಮೂವತ್ನಾಕು ಕ್ವಿಂಟಾಲ್ ಹತ್ತು ಕೆ.ಜಿ. ಆಯ್ತಲ್ಲ” ಎಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹೇಳಿ ಫೋನು ಇಟ್ಟರು. ಲೆಕ್ಕ ತಲೆಗೆ ಹತ್ತದ ವಂಶ!

ನನಗೆ ಒಳಗೇ ಏನೋ ಚುಚ್ಚಿತು. “ನಾಳೆ ಹೇಳುತ್ತೇನೆ” ಎಂದು ಪುಸ್ತಕವನ್ನು ಮನೆಗೆ ತಂದೆ.

ರಾತ್ರಿ ಊಟವಾದ ಮೇಲೆ ಪರೀಕ್ಷಿಸಲು ಕುಳಿತೆ. ಮೊದಲು ಒಂಬತ್ತರ ಪರೀಕ್ಷೆ. ಅಂಕಿಗಳನ್ನು ಕೂಡಿ ಒಂದಂಕಿಗೆ ತಂದರೆ ಸರಿಯಾದ ಉತ್ತರಕ್ಕೆ 1 ಬರಬೇಕು. ನನ್ನ ಉತ್ತರದ ಅಂಕಿಗಳ ಮೊತ್ತ 91. ಅದು 10, ಆಮೇಲೆ 1. ಸಮಾಧಾನವಾಯಿತು. ಹುಡುಗಿಯ ಉತ್ತರದ ಮೊತ್ತ 82. ಅದೂ 10, ಆಮೇಲೆ 1! ಎರಡು ಬೇರೆ ಬೇರೆ ಉತ್ತರಗಳು ಒಂದೇ ಪರೀಕ್ಷೆಯಲ್ಲಿ ತೇರ್ಗಡೆಯಾದವು. ಈ ಪರೀಕ್ಷೆಯಲ್ಲಿ ತಪ್ಪಿದರೆ ಉತ್ತರ ಖಂಡಿತ ತಪ್ಪು. ತೇರ್ಗಡೆಯಾದ ಮಾತ್ರಕ್ಕೆ ಸರಿ ಎಂದಲ್ಲ. ಇದನ್ನು ವರ್ಷ ವರ್ಷವೂ ಮಕ್ಕಳಿಗೆ ಹೇಳುತ್ತಿದ್ದವನು ನಾನೇ. ಕ್ಯಾಲ್ಕುಲೇಟರ್ ಒತ್ತಿದೆ. ಹತ್ತೊಂಬತ್ತು ಅಂಕಿಗಳು ಅದರ ಕಿಟಕಿಯಲ್ಲಿ ಹಿಡಿಸುವುದಿಲ್ಲ. ಮೊದಲಿನ ಕೆಲವನ್ನು ಮಾತ್ರ ತೋರಿಸಿ ಉಳಿದುದನ್ನು ಹತ್ತರ ಘಾತದಲ್ಲಿ ನುಂಗಿತು. ಆದರೂ ಆ ಕೆಲವೇ ಅಂಕಿಗಳಲ್ಲಿ 7 ಆದ ಮೇಲೆ 9 ಇತ್ತು, 8 ಇರಲಿಲ್ಲ.

ಕೊನೆಗೆ ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ ಹೊಳೆಯಿತು. ಹತ್ತು ಒಂದುಗಳ ಸಂಖ್ಯೆ ಇನ್ನೂರು ಕೋಟಿಗಿಂತ ಚಿಕ್ಕದು. ಇನ್ನೂರು ಕೋಟಿಯ ವರ್ಗ ಎಂದರೆ 4ರ ಮುಂದೆ ಹದಿನೆಂಟು ಸೊನ್ನೆ, ಒಟ್ಟು ಹತ್ತೊಂಬತ್ತು ಅಂಕಿ. ನಾನು ಹಲಗೆಯ ಮೇಲೆ ಬರೆದದ್ದರಲ್ಲಿ ಇಪ್ಪತ್ತು ಅಂಕಿಗಳು! ನಿಜವಾದ ಉತ್ತರದ ಹತ್ತರಷ್ಟು. ಕಂಬಸಾಲುಗಳನ್ನು ಬರೆದು ಕೂಡಿದೆ. ನಡುವಿನ ಕಂಬದಲ್ಲಿ 10. ಸೊನ್ನೆ ಬರೆದು ದಶಕ ಒಂದು ಎಡಕ್ಕೆ. ಪಕ್ಕದ ಕಂಬದ 9ಕ್ಕೆ ಅದು ಸೇರಿ ಮತ್ತೆ 10; ಅಲ್ಲೂ ಸೊನ್ನೆ, ದಶಕ ಮತ್ತೆ ಎಡಕ್ಕೆ. ಅಲ್ಲಿದ್ದ 8 ಈಗ 9 ಆಯಿತು. ಅದಕ್ಕೇ ಎಡಭಾಗದಲ್ಲಿ ಎಂಟು ಮಾಯ. ಹುಡುಗಿಯ ಉತ್ತರ ಅಂಕಿ ಅಂಕಿಯೂ ಸರಿ.

ಮೇಲೆ ಕೊಟ್ಟ ಮಹಾವೀರಾಚಾರ್ಯರ 12345679ನ್ನು ಮತ್ತೊಮ್ಮೆ ನೋಡಿ. ಅದರಲ್ಲೂ ಎಂಟಿಲ್ಲ. ಅಲ್ಲಿಯೂ ಎಂಟನ್ನು ಒಂಬತ್ತು ಮಾಡಿದ್ದು ಇದೇ ದಶಕ.

ಮಾರನೆಯ ದಿನ ತರಗತಿಯಲ್ಲಿ ಹಲಗೆಯ ಮೇಲೆ ಎರಡು ಉತ್ತರಗಳನ್ನೂ ಬರೆದು, ನನ್ನದಕ್ಕೆ ನಾನೇ ಅಡ್ಡಗೆರೆ ಎಳೆದೆ. ಆಕೆಯ ಪುಸ್ತಕದಲ್ಲಿ ಕೆಂಪು ಗೆರೆಯ ಪಕ್ಕದಲ್ಲಿ ‘ಉತ್ತರ ಸರಿ, ಮೇಷ್ಟರು ತಪ್ಪು’ ಎಂದು ಬರೆದು ಸಹಿ ಹಾಕಿದೆ. ಅವಳ ತಂದೆಗೆ ಅದನ್ನು ತೋರಿಸಿದಾಗ ಅವರು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದರು. “ಇಷ್ಟೆಲ್ಲ ಒಂದೇ ಬರೆದಾಳಲ್ಲ” ಎಂದಷ್ಟೇ ಹೇಳಿದರು.

ಮಹಾವೀರಾಚಾರ್ಯರೂ ತಪ್ಪಿದ್ದುಂಟು

ನನ್ನ ತಪ್ಪಿಗೆ ಇದು ಸಮರ್ಥನೆಯಲ್ಲ. ಆದರೆ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಮಹಾವೀರಾಚಾರ್ಯರು ಹೇಳಿದ್ದಾರೆ. ಇದು ಸರಿಯಲ್ಲ. 6ನ್ನು ಸೊನ್ನೆಯಿಂದ ಭಾಗಿಸಿ 6 ಬಂದರೆ, 6ನ್ನು ಸೊನ್ನೆಯಿಂದ ಗುಣಿಸಿದಾಗ ಮತ್ತೆ 6 ಬರಬೇಕು, ಬರುವುದು ಸೊನ್ನೆ. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯರು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ನೋಡಿದರು. ಆದರೆ ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅಷ್ಟು ಹಿಂದೆಯೇ ಸ್ಪಷ್ಟವಾಗಿ ಗುರುತಿಸಿದವರೂ ಇದೇ ಮಹಾವೀರಾಚಾರ್ಯರು. ಒಂದು ತಪ್ಪಿನಿಂದ ಅವರು ಚಿಕ್ಕವರಾಗಲಿಲ್ಲ. ಹಿರಿಯರು ಹೇಳಿದರೆಂಬ ಕಾರಣಕ್ಕೆ ತಪ್ಪು ಸರಿಯೂ ಆಗಲಿಲ್ಲ.

ಬೀಗವಾಗುವ ಸಂಖ್ಯೆಗಳು

ದೊಡ್ಡ ಸಂಖ್ಯೆಯನ್ನು ಬಿಡಿಸಿ ನೋಡುವುದರಿಂದ ಏನು ಪ್ರಯೋಜನ ಎಂದು ಪೋಷಕರು ಕೇಳುವುದುಂಟು. ನಮ್ಮ ಸಂಖ್ಯೆಗೆ 243 ಭಾಜಕಗಳು; ಬಿಡಿಸುವುದು ಸುಲಭ. ಆದರೆ ತುಂಬ ದೊಡ್ಡ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಬಂದ ಸಂಖ್ಯೆಗೆ ನಾಲ್ಕೇ ಭಾಜಕಗಳು: ಒಂದು, ಅದೇ ಸಂಖ್ಯೆ, ಮತ್ತು ಆ ಎರಡು ಅವಿಭಾಜ್ಯಗಳು. ಗುಣಿಸುವುದು ಕ್ಷಣದ ಕೆಲಸ, ಬಿಡಿಸುವುದು ಮಹಾ ಕಷ್ಟ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಈ ಕಷ್ಟವನ್ನೇ ಬೀಗವಾಗಿ ಬಳಸುವ ವಿಧಾನವನ್ನು ರೂಪಿಸಿದರು. ಅಂತರ್ಜಾಲದಲ್ಲಿ ಗುಟ್ಟು ಕಾಯುವ ವಿಧಾನಗಳಲ್ಲಿ ಇದೂ ಒಂದು.

ಆ ವರ್ಷವೇ ಅವರು 129 ಅಂಕಿಗಳ ಒಂದು ಸಂಖ್ಯೆಯನ್ನು ಬಿಡಿಸಿ ನೋಡಿ ಎಂದು ಸವಾಲು ಹಾಕಿದರು. ಅದು ಒಡೆದದ್ದು ಹದಿನೇಳು ವರ್ಷಗಳ ನಂತರ, 1994ರಲ್ಲಿ. ಅದಕ್ಕೆ ಹಲವು ದೇಶಗಳ ಸುಮಾರು 600 ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ತಿಂಗಳುಗಟ್ಟಲೆ ದುಡಿಸಬೇಕಾಯಿತು.

ಬರೀ ಒಂದುಗಳ ಸಾಲಿನಲ್ಲೂ ಇಂಥ ಗಟ್ಟಿ ಕಾಳುಗಳಿವೆ. 11 ಅವಿಭಾಜ್ಯ. 111, 1111, 11111 ಎಲ್ಲವೂ ಒಡೆಯುತ್ತವೆ. ಎರಡರ ನಂತರ ಹತ್ತೊಂಬತ್ತು ಒಂದುಗಳ ಸಾಲು, ಆಮೇಲೆ ಇಪ್ಪತ್ತಮೂರರ ಸಾಲು, ಆಮೇಲೆ 317ರದು, 1031ರದು ಅವಿಭಾಜ್ಯಗಳು. 49,081 ಒಂದುಗಳ ಸಂಖ್ಯೆಯೂ ಅವಿಭಾಜ್ಯವೆಂದು 2022ರಲ್ಲಿ ಸಾಧಿಸಲಾಯಿತು. ಇಂಥವು ಕೊನೆಯಿಲ್ಲದಷ್ಟು ಇವೆಯೇ? ಈ ಪ್ರಶ್ನೆಗೆ ಗಣಿತ ಲೋಕದಲ್ಲಿ ಇನ್ನೂ ಉತ್ತರ ದೊರೆತಿಲ್ಲ. ನಮ್ಮ ಯಾವ ಊರಿನ ಹುಡುಗ ಹುಡುಗಿಯೂ ಯೋಚಿಸಬಹುದಾದ ಪ್ರಶ್ನೆ ಇದು.

ಮನೆಯಲ್ಲಿ ಮಾಡಿ ನೋಡಿ

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಮಗುವಿನ ಪುಸ್ತಕದಲ್ಲಿ ಕೆಂಪು ಗೆರೆ ಕಂಡಾಗ ಮೊದಲು ಗದರಬೇಡಿ. “ಇದನ್ನು ಹೇಗೆ ಮಾಡಿದೆ, ಹೇಳು” ಎಂದು ಕೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ. ನಿಮಗೆ ಲೆಕ್ಕ ಬಾರದು ಎಂದು ಮಾತ್ರ ಮಕ್ಕಳ ಮುಂದೆ ಹೇಳಬೇಡಿ. ದಿನವಿಡೀ ಲೆಕ್ಕ ಮಾಡುತ್ತಲೇ ಇರುತ್ತೀರಿ.

ಆ ಹುಡುಗಿ ಮುಂದೆ ಕಡೂರಿನಲ್ಲಿ ಪಿ.ಯು.ಸಿ.ಗೆ ವಿಜ್ಞಾನವನ್ನೇ ತೆಗೆದುಕೊಂಡಳು, ಗಣಿತವನ್ನೂ ಸೇರಿಸಿ. ಎಷ್ಟು ಅಂಕ ಬಂತು ಎಂದು ನೀವು ಕೇಳುವಿರಿ. ನಾನು ಹೇಳುವುದಿಲ್ಲ. ಹತ್ತು ಸಾಲು ಒಂದುಗಳನ್ನು ತಾಳ್ಮೆಯಿಂದ ಬರೆದು, ಮೇಷ್ಟರು ಬರೆದದ್ದಕ್ಕಿಂತ ತನ್ನ ಕೂಡುವಿಕೆಯನ್ನು ನಂಬಿದಳಲ್ಲ, ಆ ಪುಟಕ್ಕೆ ಅಂಕ ಕೊಡುವುದು ಹೇಗೆ?

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಎರಡು ಲೆಕ್ಕ. 12345654321ರ ಅಂಕಿಗಳನ್ನೆಲ್ಲ ಕೂಡಿ, ಬಂದ ಮೊತ್ತದಿಂದ ಅದೇ ಸಂಖ್ಯೆಯನ್ನು ಗುಣಿಸಿ. ಸಿಕ್ಕಿದ ಸಂಖ್ಯೆಯ ವರ್ಗಮೂಲ ಏನು? ಉತ್ತರ ಕಂಡಾಗ ನಿಮಗೇ ನಗು ಬರುತ್ತದೆ. ಎರಡನೆಯದು, ಹನ್ನೊಂದು ಒಂದುಗಳ ವರ್ಗ. ಕ್ಯಾಲ್ಕುಲೇಟರ್ ಬದಿಗಿಟ್ಟು, ಒಂದು ಹಾಳೆಯಲ್ಲಿ ಹನ್ನೊಂದು ಸಾಲು ಬರೆದು ಕೂಡಿ. ಒಟ್ಟು ಇಪ್ಪತ್ತೊಂದು ಅಂಕಿಗಳಿದ್ದು, ನಟ್ಟನಡುವಿನ ಆಸುಪಾಸಿನಲ್ಲಿ 0120 ಎಂದು ಬಂದಿದ್ದರೆ ನೀವು ದಶಕವನ್ನು ಎಲ್ಲೂ ಮರೆತಿಲ್ಲ. ಬರದಿದ್ದರೆ ಮತ್ತೊಮ್ಮೆ ಕೂಡಿ. ನಿಮ್ಮ ಮೇಷ್ಟರನ್ನೂ ಜೊತೆಗೆ ಕೂರಿಸಿಕೊಳ್ಳಿ.